ನಿದ್ದೆ ಪಡಸಾಲೆ

ಕೊಡಿಗೇನಹಳ್ಳಿಯಲ್ಲಿ ಹಿಂದೂಪುರದ ಬಸ್ಸು ಹತ್ತಿ, ಹೊಂಗೆಹಟ್ಟಿ ಗೇಟಿನಲ್ಲಿ ಇಳಿದು, ಸಣ್ಣಕ್ಕನ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. ದಾರಿ ತೋರಿಸುವ ಮೊದಲು ಒಂದು ಸಲ ಬಾಯಿ ತುಂಬ ಆಕಳಿಸುತ್ತಾರೆ. ಸುಳ್ಳು ಹೇಳುತ್ತಿಲ್ಲ. ಆ ಮನೆಯ ಹೆಸರೆತ್ತಿದರೆ ಸಾಕು, ಆ ಊರಿನವರ ರೆಪ್ಪೆ ಭಾರವಾಗುತ್ತದೆ.

ಅದೊಂದು ಮಾಳಿಗೆ ಮನೆ. ಎತ್ತು ಗುದ್ದಿದರೂ ಅಲುಗದಷ್ಟು ದಪ್ಪನೆಯ ಮಣ್ಣಿನ ಗೋಡೆ, ಕಲ್ಲಿನ ಕಂಬ, ಹೊಗೆ ಕುಡಿದು ಕಪ್ಪಾದ ತೊಲೆ, ಮಾಳಿಗೆಯಲ್ಲಿ ಬಿಸಿಲು ಒಳಗಿಳಿಯಲೆಂದು ಬಿಟ್ಟ ಬೆಳಕಿಂಡಿ. ಮುಂದೆ ಉದ್ದನೆಯ ಪಡಸಾಲೆ, ಹಿಂದೆ ಕುರಿ ಕೂಡುವ ರೊಪ್ಪ. ಪಾವಗಡದ ಕಡೆಯಿಂದ ಶಿರಾದ ಕಡೆಗೆ ಮಂದೆ ಹೊಡೆದುಕೊಂಡು ಹೋಗುವ ಕುರಿಗಾಹಿಗಳು ಮಧ್ಯಾಹ್ನದ ಬಿಸಿಲು ಇಳಿಯುವ ತನಕ ಮಲಗಿ ಹೋಗಲಿ ಅಂತಲೇ ಸಣ್ಣಕ್ಕನ ಮಾವ ಆ ಪಡಸಾಲೆ ಹಾಕಿಸಿದ್ದು. ಅಲ್ಲಿ ಬೆನ್ನು ಊರಿದವರಿಗೆ ಅದೆಂಥ ನಿದ್ದೆ ಬರುತ್ತಿತ್ತೋ ಏನೋ, ಊರಿನ ನಿದ್ದೆಗೆಟ್ಟವರೆಲ್ಲ ಚಾಪೆ ಸುತ್ತಿಕೊಂಡು ಬರತೊಡಗಿದರು. ಮಗಳ ಮದುವೆ ಮುರಿದುಕೊಂಡವರು, ಗಂಡನನ್ನು ಮಣ್ಣು ಮಾಡಿ ಬಂದವರು, ಸುಮ್ಮನೆ ತಲೆ ಚಿಟ್ಟು ಹಿಡಿದವರು, ಎಲ್ಲರೂ. ಅಲ್ಲೊಂದು ಕಟ್ಟುಪಾಡಿತ್ತು. ಮಲಗಿದವರನ್ನು ಎಬ್ಬಿಸುವಂತಿಲ್ಲ. ಅವರ ಮೇಲೆ ನೆರಳು ಬೀಳುವ ಹಾಗೆ ನಿಲ್ಲುವಂತಿಲ್ಲ. ಅವರಾಗಿ ಏಳುವ ತನಕ ಆ ಸೂರಿನ ಕೆಳಗೆ ವ್ಯಾಪಾರವಾಗಲಿ ವ್ಯಾಜ್ಯವಾಗಲಿ ಆಡುವಂತಿಲ್ಲ.

ಒಮ್ಮೆ ಕುರಿ ಕಳ್ಳನೊಬ್ಬ ಹಾಡಹಗಲೇ ಬಂದನಂತೆ. ಮನೆಯವರು ಒಳಗೆ ಹೋಗಲಿ ಎಂದು ಕಾಯುತ್ತ ಕಂಬಕ್ಕೆ ಒರಗಿದ್ದೇ ತಡ, ಗೊರಕೆ! ಸೊಂಟದಲ್ಲಿ ಕುಡುಗೋಲು, ಹೆಗಲ ಮೇಲೆ ಹಗ್ಗ. ಕಳ್ಳನೆಂದು ಎಳೆ ಕೂಸಿಗೂ ಗೊತ್ತಾಗುವಂತಿತ್ತು. ಗಂಡಸರು ದೊಣ್ಣೆ ಎತ್ತಿಕೊಂಡರೆ ಸಣ್ಣಕ್ಕ ಅಡ್ಡ ನಿಂತಳು. "ಏಳ್ಲಿ ತಡೀರಿ, ಆಮ್ಯಾಕೆ ಬಡೀರಂತೆ," ಎಂದಳು. ಸಂಜೆ ಅವನು ಎದ್ದಾಗ ಅವಳೇ ಮುದ್ದೆ, ಉಪ್ಪೆಸರು ಬಡಿಸಿದಳು. ಮನೆಯ ಅನ್ನ ಉಂಡವನಿಗೆ ಹೊಡೆಯುವುದು ಹೇಗೆ? ಅವನು ಅದೇ ಮನೆಯ ಕುರಿ ಕಾಯುತ್ತ ಮುದುಕನಾದ.

ಆ ಮನೆಯಲ್ಲಿ ಕೊನೆಯದಾಗಿ ಹುಟ್ಟಿದವಳು ಗಿರಿಯಮ್ಮ, ಸಣ್ಣಕ್ಕನ ಮೊಮ್ಮಗಳು. ಅವಳನ್ನು ಹೆತ್ತ ವಾರದೊಳಗೇ ತಾಯಿ ಕಣ್ಣು ಮುಚ್ಚಿದಳು. ಆಗಿನ ಕಾಲದಲ್ಲಿ ಫೋಟೊ ಎಲ್ಲಿಂದ ಬರಬೇಕು. ಅವ್ವ ಕೆಂಪಗಿದ್ದಳೋ ಕಪ್ಪಗಿದ್ದಳೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅದೇ ಊರಿಗೇ ಮದುವೆಯಾಗಿ, ಗಂಡನನ್ನೂ ಕಳೆದುಕೊಂಡು, ತಲೆ ನರೆತ ಮೇಲೂ ಗಿರಿಯಮ್ಮ ಆ ಮನೆಯ ಮುಂದೆ ಹಾದುಹೋಗುವಾಗ ಗೋಡೆಯನ್ನು ಒಂದು ಸಲ ಅಂಗೈಯಲ್ಲಿ ಸವರಿಕೊಂಡೇ ಹೋಗುತ್ತಿದ್ದಳು. ಅವ್ವ ಮುಟ್ಟಿದ್ದು ಎಂದು ಅವಳಿಗೆ ಈ ಭೂಮಿಯ ಮೇಲೆ ಉಳಿದಿದ್ದು ಅದೊಂದೇ.

ಅಂಥ ಮನೆಗೆ ಬೀಗ ಬಿತ್ತು. ಗಿರಿಯಮ್ಮನ ಅಣ್ಣ ಬೋರಪ್ಪ, ಹೆಂಡತಿ ಸತ್ತ ಮೇಲೆ ಮಂದೆಯನ್ನೆಲ್ಲ ಮಾರಿ, ಒಂದೇ ಒಂದು ಕುರಿ ಇಟ್ಟುಕೊಂಡು, ಗೇಟಿನ ಹತ್ತಿರ ತಾರಸಿ ಮನೆ ಕಟ್ಟಿಸಿಕೊಂಡು ಹೋದ. ಅಲ್ಲಿ ಫ್ಯಾನು ಹಾಕಿಕೊಂಡು ಮಲಗಿದರೂ ನಿದ್ದೆಯಿಲ್ಲ. ಕಣ್ಣು ಕೆಂಡದ ಹಾಗೆ ಮಾಡಿಕೊಂಡು ಕಂಡಕಂಡವರ ಮೇಲೆ ಹರಿಹಾಯುತ್ತಿದ್ದ. ಇತ್ತ ಹಳೆ ಮನೆಯ ಮಾಳಿಗೆ ಸೋರಿತು, ಗೋಡೆ ಬಿರುಕು ಬಿಟ್ಟಿತು. ಹಿಂದೂಪುರದ ನರಸಿಂಹರಾಜು ಎಂಬಾತ ಮೂಗಿನಲ್ಲೇ ವಾಸನೆ ಹಿಡಿದು ಬಂದ. ಹಳೆ ಮನೆಗಳ ಕಂಬ, ತೊಲೆ ಬಿಚ್ಚಿ ರೆಸಾರ್ಟಿನವರಿಗೆ ಕೊಡುವುದು ಅವನ ಕಸುಬು. ಬೋರಪ್ಪ ಮನೆ ಮಾರಲು ಒಪ್ಪಿದ.

ಗಿರಿಯಮ್ಮ ಅಣ್ಣನ ಮುಂದೆ ಕೂತು ಅತ್ತಳು, ಬೈದಳು, ಊಟ ಬಿಟ್ಟಳು. ಅಷ್ಟರಲ್ಲಿ ಪಂಚಾಯ್ತಿಯ ಪಿಡಿಒ ಶ್ರೀಲತಾ ಮೇಡಂ ಕೂಸಿನ ಮನೆಗೆ ಜಾಗ ಹುಡುಕುತ್ತಿದ್ದಾರೆಂಬ ಸುದ್ದಿ ಬಂತು. ಕೆರೆ ಹೂಳೆತ್ತಲು ಹೋಗುವ ಹೆಂಗಸರು ಮಕ್ಕಳನ್ನು ಏರಿಯ ಮೇಲೆ, ಜಾಲಿ ಗಿಡದ ನೆರಳಿನಲ್ಲಿ ಮಲಗಿಸಿ ಮಣ್ಣು ಹೊರುತ್ತಿದ್ದರು. ಅವರು ಬರುವ ತನಕ ಮಕ್ಕಳನ್ನು ನೋಡಿಕೊಳ್ಳಲು ಒಂದು ಮನೆ ಬೇಕಿತ್ತು.

"ನಮ್ಮನೇನೇ ಐತಲ್ಲ ಮೇಡಂ," ಎಂದುಬಿಟ್ಟಳು ಗಿರಿಯಮ್ಮ.

ಬೋರಪ್ಪ ಗುಡುಗಿದ. ಕಡೆಗೆ, "ಯುಗಾದಿವರ್ಗೂ ನೋಡ್ತೀನಿ. ಮಕ್ಳು ಬಂದು ನಿಂತ್ಕಂಡ್ರೆ ಊರಿಗೆ ಬುಟ್ಟುಬುಡ್ತೀನಿ. ಇಲ್ದಿದ್ರೆ ಇಂದೂಪುರದೋನು ಲಾರಿ ತರ್ತಾನೆ. ಆಮೇಲೆ ನನ್ ಮುಂದೆ ಕಣ್ಣೀರು ಹಾಕ್ಬ್ಯಾಡ," ಎಂದ.

ಆಮೇಲಿನ ದಿನಗಳು ಗಿರಿಯಮ್ಮನಿಗೆ ಈಗಲೂ ಕನಸಿನಂತೆ ನೆನಪಾಗುತ್ತವೆ. ಗಾರೆ ರುದ್ರಯ್ಯ ಬಂದ. ಸಿಮೆಂಟು ಎಂದವರಿಗೆಲ್ಲ, "ಮಣ್ಣಿನ ಮೈಗೆ ಸಿಮೆಂಟು ಬಳುದ್ರೆ ಉಸ್ರು ಕಟ್ತದೆ," ಎಂದು ಬೈದ. ಊರಿನ ಹೆಂಗಸರು ಕೆರೆಯಂಚಿನಿಂದ ಮಂಕರಿಗಟ್ಟಲೆ, ನೀರು ಸೋರಗೊಡದ ಚೌಳು ಮಣ್ಣು ಹೊತ್ತು ತಂದು ಮಾಳಿಗೆಗೆ ಸುರಿದರು. ಅದನ್ನು ಹರಡಿ, ನೀರು ಚಿಮುಕಿಸಿ, ಸಾಲಾಗಿ ನಿಂತು ತುಳಿದರು. ತುಳಿಯುತ್ತ ಯಾರೋ ಒಬ್ಬಳು ಸೋಬಾನೆ ಎತ್ತಿದಳು, ಉಳಿದವರು ದನಿಗೂಡಿಸಿದರು. ಕೆಳಗೆ ಪಡಸಾಲೆಯಲ್ಲಿ ಕೂತು ಕೆಮ್ಮಣ್ಣು ಕಲಸುತ್ತಿದ್ದ ಗಿರಿಯಮ್ಮನಿಗೆ ಆ ಹಾಡು ಮಾಳಿಗೆಯ ಮಣ್ಣಿನೊಳಗಿಂದಲೇ ಇಳಿದು ಬಂದಂತೆ ಕೇಳುತ್ತಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಕೋಲು ಬೆಳಿಗ್ಗೆ ಪಡುವಣ ಗೋಡೆಯ ಗೂಡು ಮುಟ್ಟಿ, ಗೋಡೆಯಿಂದ ಇಳಿದು, ನೆಲದ ಮೇಲೆ ತೆವಳಿ, ಸಂಜೆಗೆ ಮೂಡಣ ಗೋಡೆ ಹತ್ತಿ ಮಾಯವಾಗುತ್ತಿತ್ತು. ಅದರೊಳಗೆ ಧೂಳು ಹೊನ್ನಿನಂತೆ ತೇಲುತ್ತಿತ್ತು. ಹಿತ್ತಿಲ ಹೊಂಗೆಮರ ಮಾಳಿಗೆಯ ಮೇಲಕ್ಕೆ ಬಾಗಿ, ಆಗೊಮ್ಮೆ ಈಗೊಮ್ಮೆ ಆ ಬಿಸಿಲಿನ ಜೊತೆಗೇ ಹೂವು ಉದುರಿಸುತ್ತಿತ್ತು. ತೊಲೆಯ ಮಸಿ ಕೆರೆದು ಎಣ್ಣೆ ತಿಕ್ಕಿದಾಗ ಉದ್ದಕ್ಕೂ ಕಬ್ಬಿಣದ ಬಳೆಗಳು ಕಂಡವು. ತಲೆತಲಾಂತರದಿಂದ ಆ ಮನೆಯ ಕೂಸುಗಳಿಗೆ ಜೋಲಿ ಕಟ್ಟಿದ ಬಳೆಗಳು. ಗಿರಿಯಮ್ಮ ಸ್ಟೂಲು ಹತ್ತಿ ಒಂದೊಂದನ್ನೂ ಮುಟ್ಟಿದಳು. ತನ್ನದು ಯಾವುದೆಂದು ಅವಳಿಗೆ ತಿಳಿಯಲಿಲ್ಲ.

ಕೂಸಿನ ಮನೆ ಶುರುವಾಗುವ ಹಿಂದಿನ ದಿನ ಅವಳು ಮನೆಯನ್ನು ತೊಳೆದದ್ದೇ ತೊಳೆದದ್ದು. ಸಾರಿಸಿದ ನೆಲವನ್ನು ಮತ್ತೆ ಸಾರಿಸಿದಳು. ದಾನಿಗಳು ಕೊಟ್ಟ ಹೊಚ್ಚ ಹೊಸ ಬಿಳಿ ಬಟ್ಟೆಯ ಜೋಲಿಗಳನ್ನು ಡೆಟ್ಟಾಲ್ ನೀರಿನಲ್ಲಿ ಅದ್ದಿ ಒಣಗಿಸಿ ಬಳೆಗಳಿಗೆ ಕಟ್ಟಿದಳು. ಮನೆಮನೆಗೂ ಹೋಗಿ, "ಮಕ್ಕಳಿಗೆ ನೀರು ಹಾಕಿ, ಒಗ್ದಿರೋ ಬಟ್ಟೇನೇ ಇಕ್ಕಬೇಕು. ಮೈಲಿಗೆ ಬಟ್ಟೆ ಒಳಕ್ಕೆ ತರಂಗಿಲ್ಲ," ಎಂದು ಕಟ್ಟಪ್ಪಣೆ ಮಾಡಿ ಬಂದಳು. ಅವ್ವನ ಮನೆಗೆ ಮಕ್ಕಳು ಬರುತ್ತಿವೆಯೆಂದರೆ ಸುಮ್ಮನೆ ಆಯಿತೇ.

ಮಕ್ಕಳು ಬಂದವು. ತಾಯಂದಿರು ಕೆರೆಯ ಕಡೆಗೆ ತಿರುಗಿದ್ದೇ ತಡ, ಒಂದು ಬಾಯಿ ತೆಗೆಯಿತು. ಅದನ್ನು ನೋಡಿ ಇನ್ನೊಂದು. ಆಮೇಲೆ ಎಲ್ಲವೂ. ಅಯ್ಯೋ ಶಿವನೇ, ಅದೇನು ಅಳುವೋ! ಹಾಲು ಕೊಟ್ಟರೂ ಇಲ್ಲ, ಗಿಲಕಿ ಆಡಿಸಿದರೂ ಇಲ್ಲ. ಜೋಲಿಗೆ ಹಾಕಿದರೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಕಿರುಚುತ್ತಿದ್ದವು. ಮರುದಿನವೂ ಅದೇ, ವಾರ ಕಳೆದರೂ ಅದೇ. ಕೋಳಿನಿದ್ದೆಯಾದರೂ ಬರಬಾರದೇ, ಕುರಿ ಕಳ್ಳನಿಗೂ ನಿದ್ದೆ ಕೊಟ್ಟ ಮನೆಯಲ್ಲಿ ಹಾಲುಗಲ್ಲದ ಕೂಸಿಗೆ ನಿದ್ದೆಯಿಲ್ಲವೇ?

ಮೊದಲು ಮಗುವನ್ನು ಎತ್ತಿಕೊಂಡು ಹೋದವಳು ವನಜಾಕ್ಷಿ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕಾದ ಹುಡುಗಿ. "ಬೇಜಾರ್ ಮಾಡ್ಕೋಬ್ಯಾಡ ಅತ್ತೆ. ಅತ್ತೂ ಅತ್ತೂ ನನ್ ಕೂಸಿನ ಗಂಟ್ಲು ಕಟ್ಟೋಗೈತೆ. ಜಾಲಿ ನೆಳ್ಳೇ ವಾಸಿ," ಎಂದಳು. ಮಾರನೆಯ ದಿನ ಇನ್ನಿಬ್ಬರು ಬರಲಿಲ್ಲ. ಶ್ರೀಲತಾ ಮೇಡಂ ಬಂದು, ಬಿಸಿಲುಕೋಲನ್ನು, ಹೂವನ್ನು, ಖಾಲಿ ಜೋಲಿಗಳನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಎಷ್ಟು ಚೆನ್ನಾಗಿ ಮಾಡಿದೀರ ಗಿರಿಯಮ್ಮ. ಆದ್ರೆ ತಾಯಂದ್ರೇ ಬಿಡ್ತಿಲ್ಲ ಅಂದ್ರೆ ನಾನೇನು ಮಾಡ್ಲಿ? ಹಬ್ಬ ಕಳೆದ್ಮೇಲೆ ಸ್ಕೂಲ್ ಪಕ್ಕದ ರೂಮಿಗೆ ಹಾಕ್ಬೇಕಾಗುತ್ತೆ."

ಅವರು ಹೋದ ಮೇಲೆ ಗಿರಿಯಮ್ಮ ಪಡಸಾಲೆಯಲ್ಲಿ ಬೆನ್ನು ಊರಿ ನೋಡಿದಳು. ಅವಳಿಗೂ ನಿದ್ದೆ ಬರಲಿಲ್ಲ. ತಂಪಿತ್ತು, ಗಾಳಿಯಿತ್ತು, ಎಲ್ಲ ಇತ್ತು. ಡೆಟ್ಟಾಲ್ ವಾಸನೆ ಮಾತ್ರ ಮೂಗಿಗೆ ಅಡರುತ್ತಿತ್ತು.

ಸಂಜೆ ಅಣ್ಣನ ಮನೆಗೆ ಹೋದಳು. ಇನ್ನಷ್ಟು ದಿನ ತಡೆ ಎಂದು ಕೇಳಬೇಕು, ಬೇಕಾದರೆ ಕಾಲು ಹಿಡಿಯಬೇಕು ಎಂದುಕೊಂಡೇ ಹೋದಳು. ಬೋರಪ್ಪ ಹಿತ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಒಂಟಿ ಕುರಿ ಹಿಂದಿನ ದಿನ ಈದಿತ್ತು, ಮರಿ ಉಳಿದಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಮಂದೆಯವರಿಂದ ಅವನೊಂದು ತಬ್ಬಲಿ ಮರಿ ತಂದುಕೊಂಡಿದ್ದ. ಕುರಿ ಅದನ್ನು ಹತ್ತಿರ ಸೇರಿಸದೆ ತಲೆಯಲ್ಲಿ ಗುದ್ದಿ ಗುದ್ದಿ ಅಟ್ಟುತ್ತಿತ್ತು. ಬೋರಪ್ಪ ಅವಸರ ಮಾಡದೆ, ಸತ್ತ ಮರಿಯ ಚರ್ಮವನ್ನು ಈ ಮರಿಯ ಬೆನ್ನಿಗೆ ಹೊದಿಸಿ ದಾರದಲ್ಲಿ ಕಟ್ಟಿದ. ಮತ್ತೆ ಬಿಟ್ಟ. ಕುರಿ ತಲೆ ತಗ್ಗಿಸಿತು. ಮೂಸಿತು. ಇನ್ನೊಂದು ಸಲ ಮೂಸಿತು. ಆಮೇಲೆ ಸುಮ್ಮನೆ ನಿಂತಿತು. ಮರಿ ಹೊಟ್ಟೆಯ ಕೆಳಗೆ ನುಗ್ಗಿ, ಬಾಲ ಕುಣಿಸುತ್ತ ಹಾಲು ಎಳೆಯತೊಡಗಿತು.

ಬಂದ ಕೆಲಸ ಮರೆತು ಗಿರಿಯಮ್ಮ ನೋಡುತ್ತ ನಿಂತಳು.

"ಯಾಕಂಗೆ ಬಾಯಿ ಬುಟ್ಕೊಂಡು ನಿಂತೆ? ಕುರಿ ಮನೇಲಿ ಹುಟ್ಟಿದೋಳು, ಇದ್ನ ಕಂಡಿಲ್ವಾ?" ಎಂದ ಬೋರಪ್ಪ, ಕೈ ಒರೆಸಿಕೊಳ್ಳುತ್ತ. ಆಮೇಲೆ ಅವಳ ಕಡೆ ತಿರುಗದೆ ಹೇಳಿದ: "ನಿಂಗೂ ಇಂಗೇ ಮಾಡಿದ್ದು. ಅವ್ವ ಓದ್ಮೇಲೆ ಯಾರ್ ಎತ್ಕಂಡ್ರೂ ನೀನು ಬಾಯಿ ಮುಚ್ತಿರ್ಲಿಲ್ಲ. ಅವ್ವನ ಸೀರೆ ಎಲ್ಲ ಸುಟ್ಟಾಕಿ ಅಂದ್ರು. ಅಜ್ಜಿ ಒಂದನ್ನ ಬಚ್ಚಿಟ್ಕಂಡಿತ್ತು, ಒಗೀದೇ ಇರೋದು. ಅದ್ರಲ್ಲೇ ಜೋಲಿ ಕಟ್ತು. ಆವತ್ತೇ ನಿದ್ದೆ ಮಾಡ್ದೆ ನೋಡು. ಹಗ್ಗ ಎಳ್ದೂ ಎಳ್ದೂ ನನ್ ಕೈ ಬಿದ್ದೋಗಿತ್ತು."

ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲವೋ ಅಣ್ಣಯ್ಯಾ ಎಂದು ಗಿರಿಯಮ್ಮನಿಗೆ ಕೇಳಬೇಕೆನಿಸಿತು. ಅಷ್ಟರಲ್ಲಿ ಡೆಟ್ಟಾಲ್ ನೀರಿನಲ್ಲಿ ಅದ್ದಿದ ಬಿಳಿ ಜೋಲಿಗಳು ಕಣ್ಣ ಮುಂದೆ ಬಂದವು. ಮೈಲಿಗೆ ತರಬೇಡಿ ಎಂದು ತಾನೇ ಮನೆಮನೆಗೂ ಸಾರಿ ಬಂದಿದ್ದೆನಲ್ಲ! ಮಕ್ಕಳ ಮೂಗಿನಿಂದ ತಾಯಂದಿರನ್ನು ತೊಳೆದು ಹಾಕಿದವಳು ತಾನೇ. ಗಡುವು ಕೇಳಲು ಬಂದವಳು ಸೆರಗು ಸಿಕ್ಕಿಸಿಕೊಂಡು ಹೊರಟಳು.

"ಲೇ ಗಿರೀ, ಕಾಫಿ ಕುಡ್ಕೊಂಡೋಗೇ!" ಎಂದು ಬೋರಪ್ಪ ಕೂಗಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಆದರೆ ಹೆಂಗಸರನ್ನು ಒಪ್ಪಿಸುವುದು ಕುರಿಯನ್ನು ಒಪ್ಪಿಸಿದಷ್ಟು ಸುಲಭವೇ? ರಾತ್ರಿ ಉಟ್ಟು ಮಲಗಿದ ಸೀರೆಯನ್ನು ಒಗೆಯದೆ ತನ್ನಿ ಎಂದರೆ ಮುಖ ಕಿವುಚಿದರು. ಹರಕು ಸೀರೆಯನ್ನು ಪಡಸಾಲೆಯಲ್ಲಿ ನೇತು ಹಾಕಿದರೆ ಮೇಡಂ ಏನೆಂದುಕೊಂಡಾರು ಎಂದು ಒಬ್ಬಳು. ಮಾಸಿದ್ದನ್ನು ಊರಿಗೆಲ್ಲ ತೋರಿಸಬೇಕೇ ಎಂದು ಇನ್ನೊಬ್ಬಳು. ವನಜಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ ಹೇಳಿದಳು, "ನಾನು ಸೀರೆ ಉಟ್ಕೊಂಡು ಎಲ್ಲಿ ಮಲೀಕೊಳ್ತೀನಿ ಅತ್ತೆ? ನೈಟಿ! ನೈಟೀಲಿ ಜೋಲಿ ಕಟ್ಟೋಕಾಯ್ತದಾ?"

"ತಾರೇ, ಅದ್ನೇ ಜೋಲಿ ಒಳ್ಗೆ ಹಾಸ್ತೀನಿ," ಎಂದಳು ಗಿರಿಯಮ್ಮ. ನಗಲಿಲ್ಲ. "ನಾನು ತಾಯಿ ಮುಖ ಕಂಡೋಳಲ್ಲ ಕಣಮ್ಮ. ತಾಯಿ ಸೀರೇಲಿ ಬೆಳ್ದೋಳು. ನಾಳೆ ಒಂದಿನ ತಂದ್ಕೊಡ್ರಿ. ಮಕ್ಳು ಮಲಗ್ಲಿಲ್ಲ ಅಂದ್ರೆ ನಾನೇ ಬೀಗ ಹಾಕಿ ಕೀಲಿಕೈ ನಮ್ಮಣ್ಣನಿಗೆ ಕೊಟ್ಬುಡ್ತೀನಿ."

ನಗುತ್ತಿದ್ದವರೆಲ್ಲ ತಲೆಯಾಡಿಸಿದರು. ಆ ಮನೆಯಲ್ಲಿ ಒಂದಲ್ಲ ಒಂದು ಮಧ್ಯಾಹ್ನ ಮಲಗದ ಮನೆತನ ಹೊಂಗೆಹಟ್ಟಿಯಲ್ಲಿ ಯಾವುದಿದೆ?

ಮರುದಿನ ಯುಗಾದಿಗೆ ಒಂದೇ ದಿನ ಉಳಿದಿತ್ತು. ಹೆಂಗಸರು ಸೀರೆಗಳನ್ನು ಸಣ್ಣಗೆ ಮಡಿಸಿ, ಮಗುವಿನ ಮರೆಯಲ್ಲಿ ಕಂಕುಳಿಗೆ ಸಿಕ್ಕಿಸಿಕೊಂಡು, ನಾಚಿಕೊಂಡೇ ತಂದರು. ಗಿರಿಯಮ್ಮ ಬಿಳಿ ಜೋಲಿಗಳನ್ನೆಲ್ಲ ಬಿಚ್ಚಿ ಮೂಲೆಗೆ ಹಾಕಿ, ಅವುಗಳ ಜಾಗದಲ್ಲಿ ಸೀರೆಗಳನ್ನು ಕಟ್ಟಿದಳು. ಬಣ್ಣ ಹೋದ ಹಸಿರು, ತೇಪೆ ಹಾಕಿದ ಕೆಂಪು, ಹಾಲಿನ ಕಲೆಯ ನೀಲಿ. ಒಂದೊಂದಕ್ಕೂ ಒಂದೊಂದು ವಾಸನೆ. ಒಂದರಲ್ಲಿ ಒಲೆಯ ಹೊಗೆ, ಒಂದರಲ್ಲಿ ಹರಳೆಣ್ಣೆ, ಒಂದರಲ್ಲಿ ಕೆರೆಯ ಮಣ್ಣು. ವನಜಾಕ್ಷಿಯ ಜೋಲಿಯಲ್ಲಿ ಹೂವಿನ ನೈಟಿ ಮೆತ್ತಗೆ ಹಾಸಿಕೊಂಡಿತ್ತು. ಪಡಸಾಲೆಯ ಡೆಟ್ಟಾಲ್ ವಾಸನೆ ಎಲ್ಲಿಗೆ ಓಡಿಹೋಯಿತೋ.

ವನಜಾಕ್ಷಿಯ ಕೂಸು ಎಂದಿನಂತೆ ಬಾಯಿ ತೆರೆಯಿತು. ಗಿರಿಯಮ್ಮ ಜೋಲಿಯ ಹಗ್ಗಕ್ಕೆ ಕೈ ಹಾಕಿದಳು. ಕೂಸು ಅಳಲೆಂದು ಎಳೆದುಕೊಂಡ ಉಸಿರನ್ನು ಹಾಗೇ ಹಿಡಿದು, ಮುಖವನ್ನು ಅತ್ತ ತಿರುಗಿಸಿ, ನೈಟಿಯೊಳಗೆ ಮೂಗು ಒತ್ತಿತು. ಒಂದೆರಡು ಸಲ ಮುಸುಮುಸು ಎಂದಿತು. ಬೆರಳು ಬಾಯಿಗೆ ಹೋಯಿತು. ಪಕ್ಕದ ಜೋಲಿಯಲ್ಲಿ ಇನ್ನೊಂದು ಮಗು ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಪಡಸಾಲೆಯಲ್ಲಿ ಸಣ್ಣ ಸಣ್ಣ ಉಸಿರುಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮಂಕರಿಯ ಕೆಳಗೆ ಮುಚ್ಚಿಟ್ಟ ಕುರಿಮರಿಗಳ ಉಸಿರೂ ಥೇಟ್ ಹೀಗೇ ಇರುತ್ತಿತ್ತು.

ಗಿರಿಯಮ್ಮ ಕಂಬಕ್ಕೆ ಒರಗಿದಳು. ಬಿಸಿಲುಕೋಲು ನೆಲದ ನಡುವಿಗೆ ಬಂದಿತ್ತು. ಅದರೊಳಗಿಂದ ಹೊಂಗೆ ಹೂವೊಂದು ತಿರುಗುತ್ತ ತಿರುಗುತ್ತ ಇಳಿಯುತ್ತಿತ್ತು. ಅದು ನೆಲ ಮುಟ್ಟಿದ್ದನ್ನು ಅವಳು ನೋಡಲಿಲ್ಲ.

ನಿದ್ದೆಯೋ ಅದು, ಬಾವಿಗೆ ಇಳಿದದ್ದೋ. ಕೆಳಗೆ ಕೆಳಗೆ ಹೋದಂತೆ ತಂಪು. ಅಲ್ಲೆಲ್ಲೋ ಕುರಿಗಳು ಮೆಲುಕು ಹಾಕುತ್ತಿದ್ದವು. ಯಾರೋ ಗೋಡೆಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು. ಕೆಂಪಗಿದ್ದಳೋ ಕಪ್ಪಗಿದ್ದಳೋ, ಮಣ್ಣು ಮೆತ್ತಿದ ಆ ಕೈ ನೋಡಿದರೆ ತಿಳಿಯುತ್ತಿರಲಿಲ್ಲ. ಅವ್ವಾ ಎಂದು ಕೂಗಲೂ ಗಿರಿಯಮ್ಮನಿಗೆ ಮನಸ್ಸಾಗಲಿಲ್ಲ. ತಿರುಗದಿದ್ದರೂ ಚಿಂತೆಯಿಲ್ಲ, ಅಲ್ಲೇ ಇದ್ದಾಳಲ್ಲ, ಅಷ್ಟೇ ಸಾಕು ಎನಿಸುತ್ತಿತ್ತು. ತಲೆಯ ಮೇಲೆ ಕಬ್ಬಿಣದ ಬಳೆಯೊಂದು ಕಿರ್ರೋ ಕಿರ್ರೋ ಎಂದು ತೂಗುತ್ತಿತ್ತು.

ಕಣ್ಣು ಬಿಟ್ಟಾಗ ಬಿಸಿಲುಕೋಲು ಮೂಡಣ ಗೋಡೆಯನ್ನು ಹತ್ತಿಬಿಟ್ಟಿತ್ತು. ಕಿರ್ರೆನ್ನುವ ಸದ್ದು ಮಾತ್ರ ಕನಸಿನಿಂದ ಹೊರಗೂ ಬಂದಿತ್ತು. ಗಿರಿಯಮ್ಮ ಗಾಬರಿಯಲ್ಲಿ ಎದ್ದು ಕೂತಳು. ಅಯ್ಯೋ, ಮಕ್ಕಳನ್ನು ನೋಡಿಕೊಳ್ಳಬೇಕಾದವಳೇ ಮಲಗಿಬಿಟ್ಟೆನಲ್ಲ! ಬಾಗಿಲಲ್ಲಿ ಕೂತಿದ್ದ ವನಜಾಕ್ಷಿ ತುಟಿಯ ಮೇಲೆ ಬೆರಳಿಟ್ಟು, ಆ ಕಡೆ ನೋಡು ಎಂದು ಕಣ್ಣಲ್ಲೇ ತೋರಿಸಿದಳು.

ಜೋಲಿಗಳ ನಡುವೆ, ನೆಲದ ಮೇಲೆ, ಗೋಡೆಗೆ ಒರಗಿ ಬೋರಪ್ಪ ಕೂತಿದ್ದ. ಪೇಟ ತೊಡೆಯ ಮೇಲೆ ಬಿದ್ದಿತ್ತು. ಬಾಯಿ ತೆರೆದಿತ್ತು. ಒಂದು ಕೈಯಲ್ಲಿ ವನಜಾಕ್ಷಿಯ ಕೂಸಿನ ಜೋಲಿಯ ಹಗ್ಗ. ಗೊರಕೆ ಹೊಡೆಯುತ್ತ ಹೊಡೆಯುತ್ತಲೇ ಆ ಕೈ ಆಗಾಗ ಹಗ್ಗವನ್ನು ಜಗ್ಗುತ್ತಿತ್ತು, ಬಳೆ ಕಿರ್ರೆನ್ನುತ್ತಿತ್ತು.

"ಹನ್ನೆಲ್ಡು ಗಂಟೆ ಊಟಕ್ಕೆ ಬುಟ್ರಲ್ಲ, ಕೂಸು ನೋಡಾನ ಅಂತ ಓಡ್ಬಂದೆ ಅತ್ತೆ," ವನಜಾಕ್ಷಿ ಕಿವಿಯಲ್ಲಿ ಪಿಸುಗುಟ್ಟಿದಳು. ನಗು ತಡೆಯಲಾರದೆ ಅವಳ ಹೆಗಲು ಅಲುಗುತ್ತಿತ್ತು. "ಹಬ್ಬಕ್ಕೆ ಮುಂಚೇನೇ ಲಾರಿ ಬಂದ್ ನಿಂತಿತ್ತು. ಬೋರಪ್ಪ ಮಾವ ಬಾಗ್ಲು ದಾಟಿ ಬಂದೋನು ಅಂಗೇ ನಿಂತ್ಕಂಡ. ನಿನ್ನ ನೋಡ್ದ, ಸೀರೆ ನೋಡ್ದ. ಅಷ್ಟ್ರಲ್ಲಿ ಆ ಇಂದೂಪುರದೋನು 'ಏಮಣ್ಣಾ, ಲೇಟೈತೋಂದಿ' ಅಂತ ಪಾಂ ಅಂತ ಹಾರ್ನ್ ಹೊಡ್ದ. ಮಾವ ಹೊರಕ್ಕೆ ಓಡಿ ಕಲ್ಲು ಎತ್ಕಂಡ! 'ಮಕ್ಳು ಮಲ್ಗವ್ರೆ ಕಣ್ಲಾ, ನನ್ ತಂಗಿ ಮಲ್ಗವ್ಳೆ. ಇಲ್ಲಿ ಯಾಪಾರ ಇಲ್ಲ, ಓಗು' ಅಂದ. ಅವನು ಲಾರಿ ತಿರುಗುಸ್ಕಂಡು ಓದ. ಹಾರ್ನಿಗೆ ನನ್ ಕೂಸು ಕುಯ್ ಅಂತು. ನೀನೆಲ್ಲಿ ಎದ್ಬುಡ್ತೀಯೋ ಅಂತ ಮಾವನೇ ಹಗ್ಗ ಹಿಡ್ಕಂಡ. ಆಗ್ಲಿಂದ್ಲೂ ಇಂಗೇ. ನಾನೂ ಕೆಲ್ಸಕ್ಕೆ ಹೋಗ್ಲಿಲ್ಲ."

ಕೆರೆಯಿಂದ ಒಬ್ಬೊಬ್ಬರಾಗಿ ಬಂದ ಹೆಂಗಸರು ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು, ಎದ್ದಿದ್ದ ಮಕ್ಕಳನ್ನು ಎತ್ತಿಕೊಂಡು ಹೋದರು. ಸೀರೆಗಳನ್ನು ಯಾರೂ ಬಿಚ್ಚಲಿಲ್ಲ. ವನಜಾಕ್ಷಿಯೂ ಮಗುವನ್ನು ಎತ್ತಿಕೊಂಡಳು. ಖಾಲಿ ಜೋಲಿಯನ್ನು ಆ ಕೈ ಮತ್ತೊಮ್ಮೆ ಜಗ್ಗಿತು.

"ಹಗ್ಗ ಬುಡುಸ್ಲಾ ಅತ್ತೆ?"

"ಬ್ಯಾಡ ಕಣೆ. ಅವನಾಗಿ ಏಳ್ಲಿ."

ಎಲ್ಲರೂ ಹೋದ ಮೇಲೆ ಗಿರಿಯಮ್ಮ ಅಣ್ಣನ ಮುಂದೆ ನಿಂತು ಆ ಕೈಯನ್ನು ನೋಡಿದಳು. ಗಂಟು ಗಂಟಾದ ಬೆರಳು, ಕುರಿಯ ಉಣ್ಣೆ ಕತ್ತರಿಸಿ ಕತ್ತರಿಸಿ ಗಡುಸಾದ ಅಂಗೈ. ಅವ್ವ ಈ ಕೈ ಹಿಡಿದು ನಡೆಸಿದ್ದಾಳೆ, ಈ ಕೈಗೆ ತುತ್ತು ಕೊಟ್ಟಿದ್ದಾಳೆ. ಅವ್ವ ಮುಟ್ಟಿದ್ದು ಗೋಡೆಯೊಂದೇ ಎಂದುಕೊಂಡು ಬದುಕೆಲ್ಲ ಗೋಡೆ ಸವರುತ್ತ ಓಡಾಡಿದಳು, ಈ ಕೈಯ ಜೊತೆ ಮಾತ್ರ ಬರೀ ಜಗಳವಾಡಿಕೊಂಡೇ ಬಂದಳು. ಅವಳಿಗೆ ಅಳು ಉಕ್ಕಿ ಬಂತು. ಸದ್ದಾಗದ ಹಾಗೆ ಅತ್ತಳು.

ಬೆಳಕಿಂಡಿಯ ಬಿಸಿಲಲ್ಲಿ ಅವಳ ನೆರಳು ಬೋರಪ್ಪನ ಮುಖದ ಮೇಲೆ ಬಿದ್ದಿತ್ತು. ಅದನ್ನು ಕಂಡು ಗಿರಿಯಮ್ಮ ಮೆಲ್ಲಗೆ ಪಕ್ಕಕ್ಕೆ ಸರಿದು ಕೂತಳು.